ಕಾಪಿ ಪರೀಕ್ಷೆ: ಮೂರು ಡಿಸ್ಕ್, ಒಂದೇ ಆಟ

ಮಾಟುಂಗಾದ ಗೆಳೆಯರ ಯಕ್ಷಗಾನ ಮಂಡಳಿಯ ಮಿನಿ ಡಿವಿ (ಹಳೇ ಕ್ಯಾಮೆರಾದ ಡಿಜಿಟಲ್ ವಿಡಿಯೋ) ಟೇಪುಗಳೆಲ್ಲ ಅಂತೂ ಕಂಪ್ಯೂಟರಿಗೆ ಇಳಿದವು. ಡಿವಿ ಅಂದರೆ ಗಂಟೆಗೆ ಸುಮಾರು 13 ಜಿಬಿ. ಮೂರು ತಾಸಿನ ಕಾಲಮಿತಿ ಆಟವೊಂದರ ವಿಡಿಯೋನೇ 40 ಜಿಬಿ ಹತ್ತಿರ. ಡೊಂಬಿವಲಿಯ ನಮ್ಮ ಮನೆಯಲ್ಲಿರುವ ಡಿಸ್ಕುಗಳಲ್ಲಿ ಯಾವುದನ್ನು ಎಡಿಟಿಂಗಿಗೆ ಇಟ್ಟುಕೊಳ್ಳಬೇಕು, ಯಾವುದನ್ನು ತುಂಬಿಸಿ ಕಪಾಟಿಗೆ ಸೇರಿಸಬೇಕು ಅಂತ ಈಗ ನೋಡುತ್ತಿದ್ದೇನೆ.

ಕಣದಲ್ಲಿರುವುದು ಮೂರು: ಕ್ಯಾಬಿನೆಟ್ಟಿನೊಳಗಿನ 7200 ಆರ್‌ಪಿಎಂನ (ನಿಮಿಷಕ್ಕೆ ಅಷ್ಟು ಸುತ್ತು ತಿರುಗುವ) 1 ಟಿಬಿ ಡಿಸ್ಕ್, ಜೇಬಿನಲ್ಲಿ ಹಿಡಿಸುವ 2 ಟಿಬಿ ಪೋರ್ಟಬಲ್, ಮತ್ತೆ ಸತ್ತ ಲ್ಯಾಪ್‌ಟಾಪಿನಿಂದ ಬಿಚ್ಚಿ ತೆಗೆದ 500 ಜಿಬಿ. ಕಾಪಿ ಹೊರಡುವುದು ತಿರುಗುವ ತಟ್ಟೆಯಿಲ್ಲದ, ವೇಗದ ಎಸ್‌ಎಸ್‌ಡಿಯಿಂದ. ಹಾಗಾಗಿ ಓದುವ ಕಡೆ ತಡವಾಯಿತು ಅನ್ನುವ ತಕರಾರಿಲ್ಲ.

ಗಡಿಯಾರ ಎಲ್ಲಿ ನಿಲ್ಲಿಸಬೇಕು ಅನ್ನುವುದೇ ದೊಡ್ಡ ತಲೆನೋವು. ಒಳಗಿನ ಡಿಸ್ಕಿಗೆ ಕಾಪಿ ಕೊಟ್ಟ ಕೂಡಲೇ ವಿಂಡೋಸ್ ಸೆಕೆಂಡಿಗೆ 1 ಜಿಬಿ ಅಂತ ತೋರಿಸಿತು. ತಿರುಗುವ ಡಿಸ್ಕಿಗೆ ಅಷ್ಟು ವೇಗ ಎಲ್ಲಿಂದ ಬರಬೇಕು? ಅದು ರ‍್ಯಾಮಿಗೆ (ಕಂಪ್ಯೂಟರಿನ ತಾತ್ಕಾಲಿಕ ನೆನಪಿಗೆ) ಸುರಿಯುತ್ತಿರುವ ಲೆಕ್ಕ. ರ‍್ಯಾಮ್ ತುಂಬಿದ ಮೇಲೆ ಗ್ರಾಫ್ ಧೊಪ್ಪೆಂದು 170 ಎಂಬಿಗೆ ಇಳಿಯಿತು, ನಿಜವಾದ ಓಟ ಅಲ್ಲಿಂದ ಶುರು. ಕೊನೆಗೆ ಕಾಪಿಯ ಕಿಟಕಿ ಮುಚ್ಚಿಕೊಂಡರೂ ಕ್ಯಾಬಿನೆಟ್ಟಿನ ಕೆಂಪು ದೀಪ ಮಿಣುಗುತ್ತಲೇ ಇತ್ತು. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ ಸೊನ್ನೆಗೆ ಬರುವ ತನಕ ನಾನು ಸಮಯ ನಿಲ್ಲಿಸುವುದಿಲ್ಲ. ಪರೀಕ್ಷೆಗೆ 2 ಜಿಬಿ ಫೈಲ್ ಹಾಕಿ ನಮ್ಮ ಡಿಸ್ಕ್ ಹೀಗೆ ಓಡುತ್ತೆ ಅನ್ನುವವರು ರ‍್ಯಾಮನ್ನು ಹೊಗಳುತ್ತಿರುತ್ತಾರೆ, ಅಷ್ಟೇ.

ಅದೇ ಡಿಸ್ಕಿನ ಕೊನೆಯಲ್ಲೊಂದು ಪಾರ್ಟಿಷನ್ (ಪ್ರತ್ಯೇಕ ಭಾಗ) ಮಾಡಿ ಅದೇ ಆಟವನ್ನು ಹಾಕಿದರೆ ವೇಗ ಹೆಚ್ಚುಕಡಿಮೆ ಅರ್ಧ. ತಟ್ಟೆ ತಿರುಗುವ ವೇಗ ಬದಲಾಗುವುದಿಲ್ಲ, ಆದರೆ ಹೊರಸುತ್ತಿನಲ್ಲಿ ಹಿಡಿಸುವಷ್ಟು ಡೇಟಾ ಒಳಸುತ್ತಿನಲ್ಲಿ ಹಿಡಿಸುವುದಿಲ್ಲ. ಡಿಸ್ಕ್ ತುಂಬುವುದು ಹೊರಗಿನಿಂದ ಒಳಕ್ಕೆ. ಖಾಲಿ ಡಿಸ್ಕನ್ನೂ ಮುಕ್ಕಾಲು ತುಂಬಿದ ಡಿಸ್ಕನ್ನೂ ಪಕ್ಕಪಕ್ಕ ಇಟ್ಟು ತೂಗುವುದು ನ್ಯಾಯವಲ್ಲ.

ಪೋರ್ಟಬಲ್‌ನದ್ದೇ ಮಜಾ ಕಥೆ. ಖಾಲಿ ಇದ್ದಾಗ 40 ಜಿಬಿಯನ್ನು ಸೆಕೆಂಡಿಗೆ 120 ಎಂಬಿ ಆಸುಪಾಸಿನಲ್ಲಿ ಸಲೀಸಾಗಿ ನುಂಗಿತು. ಡಿಸ್ಕ್ ಭರ್ತಿ ಮಾಡಿ, ಅಲ್ಲಲ್ಲಿ ಅಳಿಸಿ, ಅದೇ ಆಟವನ್ನು ಮತ್ತೆ ಹಾಕಿದೆ. ಸ್ವಲ್ಪ ಹೊತ್ತು ಜೋರು, ಆಮೇಲೆ 25, ನಡುನಡುವೆ ಸೊನ್ನೆ. ಕೇಬಲ್ ಬದಲಿಸಿದರೂ ಅದೇ ಹಾಡು. ಇದು ಎಸ್‌ಎಂಆರ್ (ಶಿಂಗಲ್ಡ್ ಮ್ಯಾಗ್ನೆಟಿಕ್ ರೆಕಾರ್ಡಿಂಗ್) ಡಿಸ್ಕಿನ ಲಕ್ಷಣ. ಹೆಚ್ಚು ಡೇಟಾ ತುರುಕಲು ಅದರಲ್ಲಿ ಟ್ರ್ಯಾಕುಗಳನ್ನು (ಡೇಟಾ ಬರೆಯುವ ಸುತ್ತುಗಳನ್ನು) ಮಂಗಳೂರು ಹಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಬರೆದಿರುತ್ತಾರೆ. ನಡುವಿನ ಒಂದನ್ನು ತಿದ್ದಬೇಕಾದರೆ ಅದರ ಮೇಲೆ ಕೂತವನ್ನೂ ಮತ್ತೆ ಬರೆಯಬೇಕು. ಬಂದ ಡೇಟಾವನ್ನು ಮೊದಲು ಒಂದು ಚಿಕ್ಕ ಜಾಗದಲ್ಲಿ ಪೇರಿಸಿಟ್ಟು, ಬಿಡುವಾದಾಗ ಒಪ್ಪವಾಗಿ ಜೋಡಿಸುತ್ತದೆ. ಆ ಜಾಗ ತುಂಬಿದರೆ ಕಾಪಿ ಕಾಯಲೇಬೇಕು. ಕಾಪಿ ಮುಗಿದು ಎಷ್ಟೋ ಹೊತ್ತಾದ ಮೇಲೆ ಬೆರಳಿಟ್ಟು ನೋಡಿದರೆ ಒಳಗೆ ಇನ್ನೂ ಗುರುಗುರು ಕೆಲಸ ನಡೆದಿತ್ತು. ಡಬ್ಬಿಯ ಮೇಲೆ ಇದರ ಸುದ್ದಿಯೇ ಇಲ್ಲ, ಅದಕ್ಕೇ ಸಿಟ್ಟು.

ಲ್ಯಾಪ್‌ಟಾಪಿನ ಡಿಸ್ಕು ಮೊದಲಿಗೆ 35 ದಾಟಲೇ ಇಲ್ಲ. ತಪ್ಪು ಅದರದ್ದಲ್ಲ, ಅದನ್ನು ಕೂರಿಸಿ ಕಂಪ್ಯೂಟರಿಗೆ ಸಿಕ್ಕಿಸುವ ಹಳೇ ಕೇಸಿನದ್ದು: ಯುಎಸ್‌ಬಿ 2.0ರ 480 ಮೆಗಾಬಿಟ್ ಅಂದರೆ ಕಾಗದದ ಮೇಲೇ 60 ಎಂಬಿ. ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಿಂದ ಯುಎಸ್‌ಬಿ 3 ಕೇಸ್ ತಂದು ಹಾಕಿದ್ದೇ 80 ದಾಟಿತು.

ಇನ್ನು ಮಂಡಳಿಯ ಹಳೇ ಫೋಟೊ ಸ್ಕ್ಯಾನುಗಳು, ಒಂದೊಂದು 200–300 ಕೆಬಿ, ಸಾವಿರಗಟ್ಟಲೆ. ಇಲ್ಲಿ ಎಲ್ಲರ ಠೇಂಕಾರವೂ ಇಳಿಯಿತು. ಒಳಗಿನ ಡಿಸ್ಕೂ 20 ಎಂಬಿ ಆಚೀಚೆ. ಲೆಕ್ಕ ಹಾಕಿ ನೋಡಿ: 7200 ಆರ್‌ಪಿಎಂ ಅಂದರೆ ಸೆಕೆಂಡಿಗೆ 120 ಸುತ್ತು, ಬೇಕಾದ ಜಾಗ ಓದಿ ಬರೆಯುವ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, 4.17 ಮಿಲಿಸೆಕೆಂಡ್. ಹೆಡ್ ಸರಿದು ಬರುವ ಸಮಯ ಬೇರೆ. ಪ್ರತಿ ಫೈಲಿಗೂ ಹೆಸರು, ದಿನಾಂಕ, ಫೋಲ್ಡರಿನ ದಾಖಲೆ ಅಂತ ಈ ಓಡಾಟ ನಡೆದೇ ಇರುತ್ತದೆ, ಮೇಲಿಂದ ಆ್ಯಂಟಿವೈರಸ್. ವಿಂಡೋಸ್ 10ರಲ್ಲೇ ಇರುವ, ಫೈಲುಗಳನ್ನು ಹಿಂಡದೇ ಒಟ್ಟು ಕಟ್ಟುವ ಟಾರ್‌ನಿಂದ ಎಸ್‌ಎಸ್‌ಡಿಯಲ್ಲೇ ಎಲ್ಲವನ್ನೂ ಒಂದೇ ಕಟ್ಟು ಮಾಡಿ ಕಳಿಸಿದಾಗ ದೊಡ್ಡ ಫೈಲಿನ ವೇಗವೇ ಸಿಕ್ಕಿತು. ಜೆಪೆಗ್ ಮೊದಲೇ ಹಿಂಡಿದ ಮಾಲು, ಜಿಪ್ ಮಾಡಿ ಪ್ರಯೋಜನವಿಲ್ಲ.

ಸದ್ಯದ ತೀರ್ಮಾನ: ಎಡಿಟಿಂಗ್ ಎಲ್ಲ ಒಳಗಿನ ಡಿಸ್ಕಿನಲ್ಲಿ. ಪೋರ್ಟಬಲ್ ಕಪಾಟಿಗೆ, ಒಮ್ಮೆ ಬರೆದು ಮುಟ್ಟದೇ ಇಡುವುದಕ್ಕೆ ಅದು ಚೆನ್ನಾಗಿಯೇ ಇದೆ. 500 ಜಿಬಿಯ ಸ್ಮಾರ್ಟ್ ವರದಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಲೆಕ್ಕ) ಪೆಂಡಿಂಗ್ ಸೆಕ್ಟರುಗಳು, ಅಂದರೆ ಸರಿಯಾಗಿ ಓದಲಾಗದ ಜಾಗಗಳು, ಕಾಣಿಸಿಕೊಂಡಿವೆ, ಹಾಗಾಗಿ ಅದಕ್ಕೆ ಆಟ ಒಪ್ಪಿಸುವುದಿಲ್ಲ. ಇನ್ನು ಬಾಕಿ ಇರುವುದು ಎಲ್ಲ ಫೈಲಿನ ಶಾ-256 (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತಾಳೆ ನೋಡಿ ಎರಡನೇ ಪ್ರತಿಯನ್ನು ಮಾಟುಂಗಾಕ್ಕೆ ಮುಟ್ಟಿಸುವುದು. ಮೇ ತಿಂಗಳ ಸೆಕೆಗೆ ಡಿಸ್ಕ್ 50 ಡಿಗ್ರಿ ಮುಟ್ಟುತ್ತಿದೆ, ಹಾಗಾಗಿ ತಾಳೆ ಕೆಲಸ ರಾತ್ರಿ, ಟೇಬಲ್ ಫ್ಯಾನ್ ಎದುರು.