ಮೋಲ್ಡ್ ಮೇಲೆ ನಿಂತ ನೀರು

ಬೆಳಿಗ್ಗೆ ನಾವು ಕಟ್ಟಿಸುತ್ತಿರುವ ಹೊಸ ಮನೆಯ ಮೋಲ್ಡ್, ಅಂದರೆ ಕಾಂಕ್ರೀಟ್ ಚಾವಣಿಯ ಮೇಲೆ ಹತ್ತಿದೆ. ಗಾರೆಯಲ್ಲಿ ಪುಟ್ಟ ಪುಟ್ಟ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದಾರೆ, ಥೇಟ್ ಗದ್ದೆ ಮಡಿಗಳ ಹಾಗೆ. ಒಂದು ಮಡಿಯಲ್ಲಿ ಗುಬ್ಬಚ್ಚಿ ಸ್ನಾನ ಮಾಡುತ್ತಿತ್ತು.

ಕೆಲಸ ಯಾಕೆ ನಿಂತಿದೆ ಅಂತ ಅಮ್ಮ ದಿನಾ ಕೇಳುತ್ತಾರೆ. ನಿಂತಿಲ್ಲ ಅಮ್ಮ. ಕಾಂಕ್ರೀಟ್ ಒಣಗಿ ಗಟ್ಟಿಯಾಗುವುದಲ್ಲ, ಸಿಮೆಂಟು ನೀರಿನ ಜೊತೆ ಸೇರಿ ಒಳಗೊಳಗೇ ಗಟ್ಟಿಯಾಗುತ್ತದೆ, ಅದರ ಬಲ ಲೆಕ್ಕ ಹಿಡಿಯುವುದೇ 28 ದಿನಕ್ಕೆ. ನಾವು ಹಾಕಿದ ಪಿಪಿಸಿ, ಅಂದರೆ ಹಾರುಬೂದಿಯಂಥ ಪುಡಿ ಬೆರೆಸಿದ ಸಿಮೆಂಟಿಗೆ ಕಡಿಮೆ ಅಂದರೂ 10 ದಿನ ನೀರು ಬೇಕು.

ಕೆಳಗೆ ಹಾಲ್ ತುಂಬಾ ಮೋಲ್ಡ್‌ಗೆ ಆಸರೆ ಕೊಟ್ಟ ಜಾಕಿ. ಅವು ಹೋಗುವ ತನಕ ಒಳಗೆ ಪ್ಲಾಸ್ಟರಿಂಗ್ ಶುರುವಾಗುವುದಿಲ್ಲ. ಈಗಿರುವ ಬಾಡಿಗೆ ಮನೆಯ ಮಾಲೀಕರಿಗೆ ಇನ್ನೂ ಎರಡು ತಿಂಗಳು ಇರುತ್ತೇವೆ ಅಂತ ಹೇಳಿ ಬಂದೆ.

ಸಂಜೆ ಮತ್ತೆ ಪೈಪ್ ಹಿಡಿಯಬೇಕು. ಮೂಲೆಯ ಮಡಿ ಬೇಗ ಖಾಲಿಯಾಗುತ್ತದೆ.