ತಳ ಬೇರೆ, ಮೀನು ಬೇರೆ

ಇವತ್ತು ದೋಣಿಯ ಹಳೇ ಫಿಶ್ ಫೈಂಡರ್ (ನೀರೊಳಗೆ ಸದ್ದು ಬಿಟ್ಟು, ವಾಪಸ್ ಬಂದ ಸದ್ದಿನಿಂದ ತಳ, ಮೀನು ತೋರಿಸೋ ಯಂತ್ರ) ತೆಗೆದು ಹೊಸದು ಕೂರಿಸಿದೆ. ಜಿಪಿಎಸ್ಸೂ ಅದರೊಳಗೇ ಇದೆ.

ಪರದೆ ದೊಡ್ಡದು, ಬಣ್ಣ ಚೆಂದ, ಅದೆಲ್ಲ ಸರಿ. ನನ್ನ ಕಣ್ಣು ನೆಟ್ಟಿದ್ದು ಒಂದು ಮೀನಿನ ಕಮಾನಿನ ಮೇಲೆ, ಅಂದ್ರೆ ಪರದೇಲಿ ಮೀನು ಮೂಡಿಸೋ ಬಾಗಿದ ಗೆರೆ ಮೇಲೆ. ಮೊದಲಾದರೆ ತಳಕ್ಕೆ ಅಂಟಿಕೊಂಡ ಮಸುಕು ಗೆರೆ ಅಷ್ಟೇ ಕಾಣ್ತಿತ್ತು. ಈಗ ತಳ ಬೇರೆ, ಮೀನು ಬೇರೆ!

ಹಳೆಯದು 200 ಕಿಲೋಹರ್ಟ್ಸ್‌ನ ಒಂದೇ ಸ್ವರದಲ್ಲಿ ಕೂಗ್ತಿತ್ತು. ಇದು ಚರ್ಪ್. ಒಂದೇ ಕೂಗಿನಲ್ಲಿ ಹಲವು ಸ್ವರ ಹಾಯಿಸುತ್ತೆ, ಹಾಗಾಗಿ ಒತ್ತೊತ್ತಾಗಿರೋದನ್ನ ಬಿಡಿಸಿ ತೋರಿಸುತ್ತೆ. ನೀರಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತೆ. 15 ಮೀಟರ್ ಆಳದ ತಳ ಮುಟ್ಟಿ ವಾಪಸ್ ಬರೋಕೆ ಸೆಕೆಂಡಿನ ಐವತ್ತನೇ ಒಂದು ಭಾಗ ಸಾಕು. ಅಷ್ಟರಲ್ಲೇ ಮೀನಿನ ಗಾಳಿಚೀಲಕ್ಕೆ ಬಡಿದ ಸದ್ದನ್ನೂ ಹೆಕ್ಕಿ ತರುತ್ತಲ್ಲ, ನಂಗೆ ಅದೇ ಬೆರಗು.

ಕೊಳ್ಳೋರಿಗೆ ಒಂದು ಮಾತು. ಪರದೆಯ ಇಂಚಿಗಿಂತ, ನೀರಿಗೆ ಸದ್ದು ಬಿಟ್ಟು ವಾಪಸ್ ಬಂದದ್ದನ್ನ ಕೇಳಿಸಿಕೊಳ್ಳೋ ಒಳ್ಳೇ ಟ್ರಾನ್ಸ್‌ಡ್ಯೂಸರ್‌ಗೆ ದುಡ್ಡು ಹಾಕಿ. ಅದರ ಕೆಳಗೆ ಗಾಳಿಗುಳ್ಳೆ ನುಗ್ಗಿದರೆ ಎಂಥ ಪರದೆಯೂ ಕುರುಡು. ಮತ್ತೆ, ಜಿಪಿಎಸ್ಸಲ್ಲಿ ಗುರುತು ಹಾಕಿಟ್ಟ ಜಾಗಗಳನ್ನ, ಅಂದ್ರೆ ವೇಪಾಯಿಂಟ್‌ಗಳನ್ನ ಮೆಮೊರಿ ಕಾರ್ಡಿಗೆ ಇಳಿಸಿಕೊಂಡೇ ಹಳೆಯದನ್ನ ಬಿಚ್ಚಿ. ಎಷ್ಟೋ ವರ್ಷ ಅಲೆದು ಕಂಡುಕೊಂಡ ಜಾಗಗಳವು, ಅಂಗಡೀಲಿ ಸಿಗಲ್ಲ.

ನನ್ನವೆಲ್ಲ ಬಂದಿವೆ. ನಾಳೆ ಮೊದಲು ಆ ಮುಳುಗಿದ ಮರದ ಮೇಲೆ ಹೋಗಿ ನೋಡ್ಬೇಕು.