ಮಳೆಯೊಳಗಿನ ‘ಗ’

ರಷ್ಯನ್ ಭಾಷೆಯಲ್ಲಿ ಮಳೆಗೆ ‘ದೋಷ್ತ್’ ಅಂತಾರೆ. ಬರೆಯುವಾಗ ಕೊನೆಗೆ ‘ಝ್ದ್’. ರಷ್ಯಾದ ವಾಯವ್ಯದ ನವ್‌ಗೊರೋದ್ ಪಟ್ಟಣದ 11ನೇ ಶತಮಾನದ ಕೊನೆಯ ಹಸ್ತಪ್ರತಿಗಳಲ್ಲಿ ಅದೇ ಜಾಗದಲ್ಲಿ ‘ಝ್ಗ್’ ಸಿಗುತ್ತದೆ: ದ, ಕಿರು ಉಕಾರ, ಝ, ಗ, ಕಿರು ಇಕಾರ. ಲಿಪಿಕಾರನ ಕೈತಪ್ಪು ಅಂತ ತಿದ್ದಿಬಿಟ್ಟರೆ ಸುಳಿವೇ ಹೋಯಿತು. ರಷ್ಯನ್ ಮತ್ತು ಅದರ ಸೋದರ ಭಾಷೆಗಳ ತಾಯಿಯಾದ ಮೂಲ ಸ್ಲಾವಿಕ್‌ನ ‘ಜ಼್ದ್ಯ್’ ಚರ್ಚಿನ ಭಾಷೆಯಲ್ಲಿ ‘ಝ್ದ್’ ಆಯಿತು, ನವ್‌ಗೊರೋದ್, ಪ್ಸ್ಕೋವ್ ಕಡೆ ‘ಝ್ಗ್’ ಆಯಿತು. ಧರ್ಮಗ್ರಂಥ ನಕಲು ಮಾಡುತ್ತಿದ್ದವನ ಮನೆಮಾತು ಹಾಗೇ ಮಸಿಗಿಳಿದಿದೆ!

ಇನ್ನೂ ಹಿಂದಕ್ಕೆ ಹೋದರೆ, ಈ ಪದ ‘ಕೆಟ್ಟ ಆಕಾಶ’ ಎಂಬರ್ಥದ ಸಮಾಸ ಅನ್ನುವ ವಾದವಿದೆ. ಎಲ್ಲರೂ ಒಪ್ಪಿಲ್ಲ, ನನಗಂತೂ ಇಷ್ಟ. ಸಂಸ್ಕೃತದಲ್ಲೂ ಮೋಡ ಕವಿದ ದಿನಕ್ಕೆ ‘ದುರ್ದಿನ’ ಅನ್ನುತ್ತಾರಲ್ಲ.